ಮೀನಿನ ಗಾಡಿಯಲ್ಲಿ ಕಾಫಿ

ಮಳೆ ಬಂದ ದಿನ ನನ್ನ ಗಾಡಿಗೆ ಪೂರ್ವಜನ್ಮ ನೆನಪಾಗುತ್ತದೆ.
ಓಸ್ಟೆಂಡಿನ ಮುದುಕನೊಬ್ಬ ಇಪ್ಪತ್ತು ವರ್ಷ ಮೀನು ಮಾರಿದ ಗಾಡಿ.
ಸೋಡಾ ಹಾಕಿ ತಿಕ್ಕಿದೆ, ನಿಂಬೆ ಉಜ್ಜಿದೆ, ವಿನೆಗರ್ ಸುರಿದೆ.
ತಗಡು ಮರೆಯುವುದಿಲ್ಲ.
ಮೇಲೆ ಕಾಫಿಯ ಘಮ ಹೊದಿಸುತ್ತೇನೆ, ಅಷ್ಟೇ.

ಡಿಸೆಂಬರ್. ಬೆಳಗಿನ ಆರು. ಬೀಟ್‌ರೂಟು ಕಿತ್ತ ಹೊಲ.
ಗೂಟ ನೆಟ್ಟು, ಹಗ್ಗ ಎಳೆದು, ಸೈಕಲ್ಲಿಗೆ ದಾರಿ ಮಾಡಿದ್ದಾರೆ.
ದಾರಿ ಅನ್ನುವುದು ಮರ್ಯಾದೆಗೆ.
ಫ್ಲೋರಿಮಾಂಡ್ ನನಗೆ ಕೊಟ್ಟ ಜಾಗ
ಬಿಯರ್ ಡೇರೆಯಿಂದ ಆಚೆ, ಕಕ್ಕಸಿನ ಡಬ್ಬಿಗಳಿಂದ ಈಚೆ.
‘ಜನ ಸಾಲು ನಿಲ್ಲೋದೇ ಅಲ್ಲಿ, ಹುಲ್ಡಾ’ ಅಂದ. ಸುಳ್ಳಲ್ಲ.
ಎಂಬತ್ತು ಯೂರೋ, ಮುಂಗಡ.

ಜನರೇಟರು ಹಟ ಹಿಡಿಯಿತು. ಯೋರಿಸ್ ಒದ್ದ. ಕೆಮ್ಮಿತು. ಹತ್ತಿತು.
ತೇವಕ್ಕೆ ಪುಡಿ ಉಸಿರು ಕಟ್ಟುತ್ತದೆ ಅಂತ
ಗಿರಣಿಯನ್ನು ಒಂದೆಳೆ ಸಡಿಲ ಮಾಡಿದೆ.

ಒಂಬತ್ತರ ಓಟ ಮುಗಿಸಿ ಹಿರಿಯರು ಬಂದರು,
ಆರು ಸಾವಿರದ ಸೈಕಲ್ಲು, ಅರ್ಧ ಯೂರೋಗೆ ಚೌಕಾಸಿ,
ಮೂಗಿಗಿಂತ ಮೂಗುತಿ ಭಾರ.
ಜೇಬಿಲ್ಲದ ಜನ ಇವರು. ತೊಡೆಯ ಪಟ್ಟಿಯೊಳಗಿಂದ
ಬೆವರಲ್ಲಿ ಮೆತ್ತಗಾದ ನೋಟು ಎಳೆದು ಕೊಡುತ್ತಾರೆ,
ಕರುವಿನ ಕಿವಿಯಷ್ಟು ಬೆಚ್ಚಗೆ.
ಯಂತ್ರದ ನೆತ್ತಿಯ ಮೇಲೆ, ಕಪ್ಪುಗಳ ಪಕ್ಕ, ಒಣಹಾಕುತ್ತೇನೆ.
ಮಧ್ಯಾಹ್ನಕ್ಕೆ ಹಪ್ಪಳ.

ಹನ್ನೊಂದಕ್ಕೆ ಹುಡುಗರ ಓಟ. ಐದು ಸುತ್ತು.
ಓಡುವಾಗ ವ್ಯಾಪಾರವಿಲ್ಲ, ಎಲ್ಲರೂ ಹಗ್ಗಕ್ಕೆ ಜೋತು ಬಿದ್ದಿರುತ್ತಾರೆ.
ಒಬ್ಬಳು ಮಾತ್ರ ಬಂದು, ಓಟಕ್ಕೆ ಬೆನ್ನು ಹಾಕಿ,
ನನ್ನ ಹಲಗೆಗೆ ಮೊಣಕೈ ಊರಿ, ‘ಒಂದು. ಹಾಲು ಬೇಡ’ ಎಂದಳು.
ಕುಡಿಯಲಿಲ್ಲ. ಹಿಡಿದುಕೊಂಡಳು.
ಹುಡುಗರು ಸೈಕಲ್ಲು ಹೊತ್ತು ಅಡ್ಡಪಟ್ಟಿ ಹಾರುವ ಸದ್ದು
ದಡ ದಡ ಹಿಂದಿನಿಂದ ಬಂದು ಹೋದ ಮೇಲೆ
ಕಪ್ಪು ಕೆಳಗಿಟ್ಟಳು. ‘ಇನ್ನೊಂದು.’

ಮೂರನೆಯದಕ್ಕೆ ಕೇಳಿದೆ: ಯಾರು ನಿಮ್ಮವನು?
‘ಸಿಂಡರ್. ನಲವತ್ತೊಂದು.
ನಾನು ನೋಡಿದ ದಿನವೇ ಬೀಳುತ್ತಾನೆ.
ಎರಡು ಸಲ ಹೆಗಲು, ಒಂದು ಸಲ ಹಲ್ಲು. ನನ್ನ ಕಣ್ಣೇ ತಾಗುತ್ತದೆ.’
ನಾನು ನೋಡಬಹುದಾ?
‘ನೀವು ಹೆತ್ತಿಲ್ಲವಲ್ಲ.’

ಹೀಗೆ ಅವಳ ಹೆಗಲ ಮೇಲಿಂದ ನಾನು ನೋಡಿದೆ.
ಒಂಬತ್ತನೆಯವನು, ಅಂದೆ. ಈಗ ಏಳು, ಅಂದೆ.
ನಾಲ್ಕನೇ ಸುತ್ತು. ಎರಡನೇ ಅಡ್ಡಪಟ್ಟಿ.
ಮುಂದಿನ ಗಾಲಿ ಅಡ್ಡ ತಿರುಗಿ
ಹುಡುಗ ಮುಖ ಕೆಳಗಾಗಿ ಕೆಸರಿನೊಳಕ್ಕೆ ಹೋದ.
ಧ್ವನಿವರ್ಧಕ ಗಂಟಲು ಸರಿ ಮಾಡಿಕೊಂಡಿತು.
‘ನಂಬರ್ ನಲವ…’

ಗಿರಣಿಯ ಗುಂಡಿ ಒತ್ತಿದೆ.
ಯಾರೂ ಕೇಳದ ಕಾಫಿಗೆ ಬೀಜ ಬೀಸಿದೆ,
ಮತ್ತೆ ಸುರಿದು ಬೀಸಿದೆ. ಹೊಲಕ್ಕೆಲ್ಲ ಅದೊಂದೇ ಸದ್ದು.
ಅವಳು ನನ್ನ ಮುಖ ನೋಡುತ್ತಿದ್ದಳು. ನಾನು ಹಾಲಿನ ಡಬ್ಬಿ ನೋಡುತ್ತಿದ್ದೆ.
ಎದ್ದ. ಏಳಲೇ ಇಲ್ಲ ಅಂದುಕೊಳ್ಳುವಷ್ಟು ತಡವಾಗಿ ಎದ್ದ,
ಸೈಕಲ್ಲನ್ನು ಹೆಗಲಿಗೆ ಹಾಕಿ, ಕುಂಟುತ್ತ, ಓಡಿದ.
ಗಿರಣಿ ನಿಲ್ಲಿಸಿದೆ.
‘ಎಷ್ಟನೆಯವನು?’
ಸರಿಯಾಗಿ ಕಾಣಲಿಲ್ಲ, ಅಂದೆ.

ಬಂದ. ಮಾತಿಲ್ಲ.
ಸಾಲಾಗಿ ಆರುತ್ತಿದ್ದ ಐದೂ ಕಪ್ಪುಗಳನ್ನು,
ತಣ್ಣಗಿನದರಿಂದ ಶುರು ಮಾಡಿ, ಕುಡಿದ.
ತಾಯಿ ಅವನ ಎಡಗೆನ್ನೆಯ ಕೆಸರನ್ನು ಹೆಬ್ಬೆರಳಿಂದ ಸವರಿ
ನನ್ನತ್ತ ತಿರುಗಿದಳು.
ಕೆಸರು ಎಲ್ಲರಿಗೂ ಅಂಟುತ್ತದೆ, ಅಂದೆ.
‘ಗಿರಣಿ ಬಹಳ ಸದ್ದು ಮಾಡುತ್ತದೆ ನಿಮ್ಮದು’ ಎಂದಳು,
ಐದಕ್ಕೂ ಲೆಕ್ಕ ಹಾಕಿ ಕೊಟ್ಟಳು.

ಸಂಜೆ, ಪೆಟ್ಟಿಗೆ ತೆರೆದ ಯೋರಿಸ್:
ಅರ್ಧ ಕಿಲೋ ಪುಡಿ! ಯಾರಿಗೆ ಬೀಸಿದೆ ಇಷ್ಟು?
ಹಿಂದಿನ ಗಾಲಿ ಗುಂಭದವರೆಗೆ ಹೂತಿತ್ತು.
ಅದರ ಕೆಳಗೆ ಅಷ್ಟನ್ನೂ ಸುರಿದೆ.
ಒಂದು ಸಲ ಜಾರಿತು, ಎರಡು ಸಲ ಜಾರಿತು,
ಆಮೇಲೆ ಕಚ್ಚಿಕೊಂಡಿತು.